ಒಂದು ಜಗಳ ಮಾಡಿ ತೋರಿಸ್ರಿ

"ನೀವು ಗಂಡ-ಹೆಂಡ್ತಿ ಅಲ್ಲ," ಅಂದರು ಲಾಡ್ಜಿನ ಮ್ಯಾನೇಜರ್ ಪ್ರಭಂಜನಾಚಾರ್ರು. ರಿಜಿಸ್ಟರ್ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು, ನಾವು ಕಿತ್ತುಕೊಂಡು ಓಡುತ್ತೇವೇನೋ ಅನ್ನುವ ಹಾಗೆ.

ನಾನು ಸ್ಫೂರ್ತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ತುಟಿ ಕಚ್ಚಿ ನಗು ತಡೆದಳು. ಆದರೆ ತಡೆದ ನಗು ಎಡಗೆನ್ನೆಯ ಕುಳಿಯಲ್ಲಿ ಬಂದು ಕೂತೇಬಿಟ್ಟಿತು. ಅದನ್ನು ನೋಡಿ ನನಗೂ ನಗು ಬಂತು.

"ನೋಡ್ರಿ, ನೋಡ್ರಿ! ಇದೇ ನಾ ಹೇಳೋದು," ಅಂದರು ಆಚಾರ್ರು. "ಹದಿನೆಂಟು ವರ್ಷದಿಂದ ಈ ಕುರ್ಚಿಯೊಳಗ ಕೂತೀನಿ. ಗಂಡ-ಹೆಂಡ್ತಿ ಬಂದ್ರ ಗೊತ್ತಾಗ್ತದ. ಒಬ್ರು ಫ್ಯಾನ್ ನೋಡ್ತಾರ, ಇನ್ನೊಬ್ರು ಗಡಿಯಾರ ನೋಡ್ತಾರ. ನೀವಿಬ್ರೂ ಒಬ್ಬರನ್ನೊಬ್ರು ನೋಡ್ತೀರಿ."

"ಮದುವಿ ಆಗಿ ಹತ್ತು ತಿಂಗಳಾತ್ರಿ," ಅಂದೆ. ಸ್ಫೂರ್ತಿ ಕೊರಳಿನ ತಾಳಿ ಎತ್ತಿ ತೋರಿಸಿದಳು.

"ತಾಳಿ ಬಜಾರದಾಗೂ ಸಿಗ್ತದ ತಂಗಿ."

ಅವಳ ಕೈಲಿದ್ದದ್ದು ಕಾಲೇಜಿನ ಐಡಿ ಕಾರ್ಡು. ಅದರಲ್ಲಿ ಮರಿಯಮ್ಮನಹಳ್ಳಿ ವಿಳಾಸ, ಅವಳಪ್ಪನ ಹೆಸರು. ನನ್ನ ಲೈಸೆನ್ಸಿನಲ್ಲಿ ಕಂಪ್ಲಿ ವಿಳಾಸ, ನಮ್ಮಪ್ಪನ ಹೆಸರು. ಇಬ್ಬರನ್ನೂ ಜೋಡಿಸುವ ಒಂದು ಚೂರು ಕಾಗದವೂ ನಮ್ಮ ಬ್ಯಾಗಿನಲ್ಲಿರಲಿಲ್ಲ. ಇದ್ದದ್ದು ಎರಡು ಜೊತೆ ಬಟ್ಟೆ. ನನ್ನ ಕೈಯಲ್ಲಿ ಒಂದು ಕೇಕಿನ ಡಬ್ಬಿ.

ಅವತ್ತು ಸ್ಫೂರ್ತಿಗೆ ಇಪ್ಪತ್ತನಾಲ್ಕು ತುಂಬಿತ್ತು. ಎರಡು ಸಾವಿರದ ಆರು, ಜೂನ್ ಮೊದಲ ಶನಿವಾರ. ನಮ್ಮದು ಕಂಪ್ಲಿಯಲ್ಲಿ ರೈಸ್ ಮಿಲ್ಲು, ಮಿಲ್ಲಿಗೆ ಅಂಟಿಕೊಂಡೇ ಮನೆ, ಮನೆಯಲ್ಲಿ ಹನ್ನೊಂದು ಜನ. ನಾವಿಬ್ಬರು ಮಾತಾಡಬೇಕೆಂದರೆ ಗೋಡೆಯಾಚೆ ತೌಡು ತುಂಬುವವರು ಕೆಮ್ಮುತ್ತಿದ್ದರು. ಅದಕ್ಕೇ ಈ ಸಲ ಎರಡು ದಿನ ಹೊಸಪೇಟೆ ಸಿಟಿಗೆ ಕರೆದುಕೊಂಡು ಹೋಗುತ್ತೇನೆ, ಲಾಡ್ಜು, ಸಿನಿಮಾ, ಐಸ್ ಕ್ರೀಮು, ಎಲ್ಲಾ ಮಾಡೋಣ ಅಂತ ಅವಳ ಕಿವಿಯಲ್ಲಿ ಹೇಳಿದ್ದೆ. ಅಪ್ಪನಿಗೆ ಮಾತ್ರ ಬೇರೆ ಹೇಳಿದ್ದೆ: ಮಿಲ್ಲಿನ ಬೆಲ್ಟ್ ತರಬೇಕು, ಹಂಗೇ ಮರಿಯಮ್ಮನಹಳ್ಳ್ಯಾಗ ಸ್ಫೂರ್ತಿ ಚಿಗವ್ವ ದ್ಯಾಮಕ್ಕನಿಗೆ ಆರಾಮಿಲ್ಲ, ನೋಡಿಕೊಂಡು ಬರ್ತೀವಿ ಅಂತ. ದ್ಯಾಮಕ್ಕ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದಳು, ಪಾಪ.

ಬುಕ್ಕಸಾಗರ, ಕಮಲಾಪುರ ದಾಟಿ ಬಸ್ಸು ಊರು ಮುಟ್ಟುವವರೆಗೆ ಎಲ್ಲ ಮಸ್ತ್ ಇತ್ತು. ಆಮೇಲೆ ಗೊತ್ತಾಯಿತು, ಊರಲ್ಲಿ ಒಂದು ರೂಮೂ ಖಾಲಿ ಇಲ್ಲ. ಸಂಡೂರಿನ ಗುಡ್ಡದಿಂದ ಅದಿರಿನ ಲಾರಿ ಇಳಿಯತೊಡಗಿದ ಮೇಲೆ ಎಲ್ಲೆಲ್ಲಿಂದಲೋ ಬಂದವರು ತಿಂಗಳುಗಟ್ಟಲೆ ರೂಮು ಹಿಡಿದು ಕೂತಿದ್ದರು. ನಾಲ್ಕು ಲಾಡ್ಜು ತಿರುಗಿ, ಕೆಂಪು ಧೂಳು ತಿಂದು, ಇದು ಐದನೆಯದು. ಇಲ್ಲಿ ಯಾರೋ ಇಂಜಿನಿಯರ್ ಬೆಳಿಗ್ಗೆಯಷ್ಟೇ ಖಾಲಿ ಮಾಡಿದ್ದ. ಒಂದೇ ಒಂದು ರೂಮು.

ಆ ಒಂದು ರೂಮಿಗೆ ಇನ್ನೊಬ್ಬ ಗಿರಾಕಿ ಸೋಫಾದ ಮೇಲೆ ಕಾಯುತ್ತಿದ್ದ. ಸಂಡೂರಿನ ಲಾರಿ ಏಜೆಂಟ್ ಉಚ್ಚೆಂಗೆಪ್ಪ. ಸೂಟ್‌ಕೇಸ್ ತೊಡೆಯ ಮೇಲೆ ಇಟ್ಟುಕೊಂಡು, "ಅನುಮಾನ ಇದ್ದಲ್ಲಿ ಕೊಡಬಾರದು ಆಚಾರ್ರ, ಕಾಲ ಸರಿ ಇಲ್ಲ," ಅಂತ ಎರಡು ನಿಮಿಷಕ್ಕೊಮ್ಮೆ ಒಗ್ಗರಣೆ ಹಾಕುತ್ತಿದ್ದ.

ನಾನು ಸ್ಫೂರ್ತಿಯ ಕಡೆ ಬಗ್ಗಿದೆ. "ಒಂದು ಜಗಳ ಮಾಡೋಣೇನು?"

"ಯಾತರ ಬಗ್ಗೆ?"

"ಏನರ ತಗಾ. ಜಲ್ದಿ."

ಅವಳು ಸೊಂಟದ ಮೇಲೆ ಕೈ ಇಟ್ಟಳು. ಗಂಟಲು ಸರಿಮಾಡಿಕೊಂಡಳು. "ಬಸ್ನ್ಯಾಗ ಕಿಟಕಿ ಸೀಟು ನೀವ್ಯಾಕ ತಗಂಡ್ರಿ?"

"ನೀನೇ ಬ್ಯಾಡ ಅಂದಿ."

"ಹಂಗಾರ ಸರಿ," ಅಂದುಬಿಟ್ಟಳು ಪುಣ್ಯಾತ್ಗಿತ್ತಿ. ಕುಳಿ ಮತ್ತೆ ಮೂಡಿತು.

ಉಚ್ಚೆಂಗೆಪ್ಪ ಗಹಗಹಿಸಿದ. ಆಚಾರ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಗಾಬರಿಯಲ್ಲಿ, "ಇನ್ನೊಂದು ಹೇಳು, ಏನರ ನೆಪ್ಪು ಮಾಡ್ಕೋ, ನಾ ನಿನಗೇನೂ ತ್ರಾಸು ಕೊಟ್ಟೇ ಇಲ್ಲೇನು?" ಅಂದೆ.

ಅವಳು ಯೋಚಿಸಿದಳು. ಯೋಚಿಸುತ್ತ ಯೋಚಿಸುತ್ತ ಕುಳಿ ಮಾಯವಾಯಿತು.

"ಸಾಲಿ ಪತ್ರ," ಅಂದಳು.

ಮೂರು ವಾರದ ಹಿಂದೆ ಹೊಸಪೇಟೆಯ ಒಂದು ಶಾಲೆಯಿಂದ ಅವಳಿಗೆ ಕಂಪ್ಯೂಟರ್ ಟೀಚರ್ ಕೆಲಸದ ಆರ್ಡರ್ ಬಂದಿತ್ತು. ಅಪ್ಪನ ಹತ್ತಿರ ನಾನು ಮಾತಾಡ್ತೀನಿ ಅಂದಿದ್ದೆ.

"ಅದು ಬ್ಯಾಡ, ಬ್ಯಾರೆ ತಗಾ," ಪಿಸುಗುಟ್ಟಿದೆ.

"ಯಾಕ ಬ್ಯಾಡ? ಕೆಲಸಕ್ಕ ಸೇರಾಕ ಸೋಮವಾರ ಕಡೀ ದಿನ. ಇವತ್ತು ಕೇಳ್ತೀನಿ, ನಾಳೆ ಕೇಳ್ತೀನಿ ಅಂತ ಇಪ್ಪತ್ತು ದಿನ ತಳ್ಳಿದ್ರಿ. ನಿಮ್ಮಪ್ಪ ಊಟಕ್ಕ ಕುಂತಾಗ ಹೋಗ್ತೀರಿ. 'ಅಪ್ಪಾ' ಅಂತೀರಿ. ಅವರು ತಲಿ ಎತ್ತಿದ್ರ 'ಸಾರು ಹಾಕ್ಲೇನ್ರಿ' ಅಂತೀರಿ!"

"ಅದು ಹಂಗಲ್ಲ, ಸ್ಫೂರ್ತಿ…"

"ಹಂಗೇ! ನಾ ಬಾಗಲ ಸಂದ್ಯಾಗಿಂದ ನೋಡೀನಿ. ಇವತ್ತು ಇಲ್ಲಿಗೆ ಬಂದಿದ್ದಕ್ಕೂ ಬೆಲ್ಟ್ ನೆಪ! ನಮ್ಮ ಚಿಗವ್ವನ್ನ ಹಾಸಿಗೀಗೆ ಹಾಕಿದ್ರಿ! ನನ್ನ ಸಲುವಾಗಿ ಬರಾಕತ್ತೀನಿ ಅನ್ನಾಕ ನಾಲಿಗಿ ಏಳಲಿಲ್ಲ. ನಾನೇನು ಕದ್ದ ಮಾಲೇನ್ರಿ?"

"ನಿನಗ ನಮ್ಮಪ್ಪ ಗೊತ್ತಿಲ್ಲ!"

"ಗೊತ್ತೈತಿ! ನೀವಾ ನನಗ ಗೊತ್ತಾಗಿದ್ದಿಲ್ಲ!"

ಅವಳ ಕಣ್ಣಲ್ಲಿ ನೀರು ನಿಂತಿತ್ತು. ಅದೇ ಹೊತ್ತಿಗೆ ಗಂಡನಿಗೆ ಊಟದ ಕ್ಯಾರಿಯರ್ ತಂದ ಆಚಾರ್ರ ಹೆಂಡತಿ ಯಮುನಾಬಾಯಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕ್ಯಾರಿಯರ್ ಕೌಂಟರ್ ಮೇಲೆ ಕುಟ್ಟಿ ಇಟ್ಟು, "ಇವರು ಗಂಡ-ಹೆಂಡ್ತಿನೇ ರೀ. ಇನ್ನೇನು ಸಾಕ್ಷಿ ಬೇಕು? ಕೀ ಕೊಡ್ರಿ," ಅಂದರು.

ಆಚಾರ್ರು ಕೀ ಚಾಚಿದರು. ಸ್ಫೂರ್ತಿ ಅದನ್ನು ತೆಗೆದುಕೊಂಡು, ಬ್ಯಾಗು ಎತ್ತಿಕೊಂಡು, ಒಬ್ಬಳೇ ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ಧಡ್ ಎಂದಿತು. ಚಿಲಕ ಬಿದ್ದ ಸದ್ದೂ ಕೇಳಿಸಿತು.

ರೂಮು ಸಿಕ್ಕಿತ್ತು. ಹೆಂಡತಿ ಹೋಗಿದ್ದಳು. ನಾನು ಕೇಕಿನ ಡಬ್ಬಿ ಹಿಡಿದು ನಿಂತಿದ್ದೆ.

"ಕುಂದ್ರಿ," ಅಂತ ಉಚ್ಚೆಂಗೆಪ್ಪ ಸೂಟ್‌ಕೇಸ್ ಸರಿಸಿ ಜಾಗ ಮಾಡಿಕೊಟ್ಟ. ದನಿಯಲ್ಲಿ ನಿಜವಾದ ಮರುಕವಿತ್ತು. "ನನ್ನಾಕಿನೂ ಹಿಂಗಾ ಕೀಲಿ ಹಾಕ್ಕಂಡಿದ್ಲು. ನಾ ಆವತ್ತಿಂದ ಲಾಡ್ಜಿನ್ಯಾಗ ಅದೀನಿ."

ಆ ಮಾತು ನನಗೆ ಚೇಳು ಕುಟುಕಿದಂತಾಯಿತು. ಎದ್ದೆ. ಮೊಬೈಲ್ ತೆಗೆದೆ. ಅಪ್ಪನ ನಂಬರ್ ಒತ್ತಿದೆ.

ಮಿಲ್ಲಿನ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ನನಗೂ ಬರುವುದಿಲ್ಲ, ನಮ್ಮಪ್ಪ ಮರುಳಸಿದ್ದಪ್ಪನವರಿಗಂತೂ ಮೊದಲೇ ಇಲ್ಲ. ಅವರ ದನಿ ಫೋನಿನಿಂದ ಸಿಡಿದು ಇಡೀ ಲಾಬಿಗೆ ಹಂಚಿಹೋಯಿತು.

"ಬೆಲ್ಟ್ ಸಿಕ್ತೇನಲೇ?"

"ಬೆಲ್ಟ್ ತರಾಕ ಬಂದಿಲ್ರಿ ಅಪ್ಪಾ! ಇವತ್ತು ಸ್ಫೂರ್ತಿ ಹುಟ್ಟಿದ ದಿನ. ಅದಕ್ಕ ಬಂದೀವಿ. ದ್ಯಾಮಕ್ಕ ಆರಾಮ ಅದಾಳ!"

ಆ ಕಡೆಯ ಮಿಲ್ಲಿನ ಗಡಗಡದ ಮೇಲೆ ಕೂಗಿ ನಾನೇ ಮುಂದುವರಿಸಿದೆ.

"ಇನ್ನೊಂದು. ಅಕೀಗೆ ಇಲ್ಲಿ ಸಾಲ್ಯಾಗ ಕೆಲಸ ಸಿಕ್ಕೈತಿ. ಸೋಮವಾರದಿಂದ ಹೋಗ್ತಾಳ."

"ನಮ್ಮ ಮನಿ ಸೊಸೆಂದ್ರು ಕೆಲಸಕ್ಕ ಹೋಗಾದಿಲ್ಲ. ನನ್ನ ಕೇಳಿದೇನು?"

"ಕೇಳಾಕ ಫೋನ್ ಮಾಡಿಲ್ರಿ. ಹೇಳಾಕ ಮಾಡೀನಿ." ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು. "ಅಕಿ ಓದಿದಾಕಿ. ಅಕಿ ಪಾಠ ಮಾಡಬೇಕು ಅಂತ ನನಗೂ ಆಸೆ ಐತಿ. ಮೂರು ವಾರ ಹೆದರಿ ಬಾಯಿ ಮುಚ್ಕಂಡಿದ್ದೆ. ತಪ್ಪು ನಂದು. ಬೈಯೋದಿದ್ರ ನನ್ನ ಬೈಯ್ರಿ."

ಅಪ್ಪ ಫೋನ್ ಇಟ್ಟರು. ಬೈಯಲೂ ಇಲ್ಲ. ಅದು ಬೈಗುಳಕ್ಕಿಂತ ಭಾಳ ಕೆಟ್ಟದ್ದು.

"ಹೆದರಬ್ಯಾಡ್ರಿ," ಅಂದರು ಯಮುನಾಬಾಯಿ. ಆಚಾರ್ರು ಒಂದು ಲೋಟ ನೀರು ಕೊಟ್ಟರು. ಉಚ್ಚೆಂಗೆಪ್ಪ ಗಂಟಲು ಸರಿಮಾಡಿಕೊಂಡು, "ಅಲ್ಲ, ಈಗ ನೀವು ಊರಿಗೆ ಹೋಗ್ತೀರೋ ಹೆಂಗ? ಆ ರೂಮು…" ಅಂದ.

"ಸುಮ್ಮ ಕೂಡ್ರಿ!" ಅಂದರು ಆಚಾರ್ರು, ಯಮುನಾಬಾಯಿ ಇಬ್ಬರೂ ಒಟ್ಟಿಗೆ.

ನೀರು ಕುಡಿದು ತಿರುಗಿದರೆ, ಮೆಟ್ಟಿಲ ಮೇಲೆ ಸ್ಫೂರ್ತಿ. ಮುಖ ತೊಳೆದಿದ್ದಳು, ಹಣೆಯ ಮೇಲಿನ ಕೂದಲಿಂದ ಇನ್ನೂ ಹನಿ ಇಳಿಯುತ್ತಿತ್ತು. ಒಂದು ಹನಿ ಹುಬ್ಬಿನ ತುದಿಯಲ್ಲಿ ನಿಂತು ಬೀಳಲೋ ಬೇಡವೋ ಅನ್ನುತ್ತಿತ್ತು.

"ಯಾವಾಗ ಬಂದಿ?"

"ಬರೋದು ಯಾಕ್ರಿ ಬೇಕು? ನಿಮ್ಮ ಧ್ವನಿ ಮ್ಯಾಲಿನ ಮಾಳಿಗಿಗೂ ಕೇಳ್ತು." ಒಂದೊಂದೇ ಮೆಟ್ಟಿಲು ಇಳಿದಳು. "ಆಸೆ ಐತಿ ಅಂದ್ರಲ್ಲ. ನನಗ ಒಂದ್ಸಲನಾದ್ರೂ ಹೇಳಿದ್ರೇನು ಅದನ್ನ?"

"ಹೇಳಿರಲಿಲ್ಲೇನು?"

"ಇಲ್ಲ."

"ಹಂಗಾರ ಈಗ ಹೇಳ್ತೀನಿ. ಸಾಲಿದೂ ಹೇಳ್ತೀನಿ, ಇನ್ನೊಂದೂ ಹೇಳ್ತೀನಿ. ನೀ ನಕ್ಕಾಗ ನಾ ಯಾಕ ಬಂದೀನಿ, ಎಲ್ಲಿಗೆ ಹೊಂಟೀನಿ, ಏನೂ ನೆಪ್ಪಿರಂಗಿಲ್ಲ. ನೀ ಸಿಟ್ಟಾದ್ರ ಉಸಿರಾಡೋದೂ ನೆಪ್ಪಿರಂಗಿಲ್ಲ."

ಅವಳು ಸೆರಗಿನ ತುದಿಯಿಂದ ಹುಬ್ಬು ಒರೆಸಿಕೊಂಡಳು. ಕಣ್ಣು ಮಾತ್ರ ನನ್ನ ಮೇಲಿಂದ ತೆಗೆಯಲಿಲ್ಲ.

"ನೋಡ್ರಿ, ಮತ್ತ ಶುರು ಮಾಡಿದ್ರು," ಅಂತ ಆಚಾರ್ರು ಗೊಣಗಿದರು. ಯಮುನಾಬಾಯಿ ಗಂಡನನ್ನು ನೋಡಿದರು. ಆಚಾರ್ರು ಗಡಿಯಾರ ನೋಡುತ್ತಿದ್ದವರು ತಟ್ಟನೆ ತಿರುಗಿ, ಹೆಂಡತಿಯ ಮುಖ ನೋಡಿ, ಕಿವಿವರೆಗೆ ಕೆಂಪಾದರು.

ಕೇಕನ್ನು ಕೌಂಟರ್ ಮೇಲೇ ಕತ್ತರಿಸಿದೆವು. ಬಿಸಿಲಿಗೆ ಅದರ ಮೇಲಿನ ಗುಲಾಬಿ ಹೂ ಬದನೆಕಾಯಿ ಆಗಿತ್ತು. ಮೊಟ್ಟೆ ಹಾಕದ್ದು ಅಂತ ಮೂರು ಸಲ ಆಣೆ ಮಾಡಿದ ಮೇಲೆ ಆಚಾರ್ರೂ ತಿಂದರು. ಉಚ್ಚೆಂಗೆಪ್ಪ ರೂಮಿನ ದುಃಖಕ್ಕೆ ಎರಡು ತುಂಡು ತಿಂದು, ಸೂಟ್‌ಕೇಸ್ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ನಿಂತು ಸ್ಫೂರ್ತಿಗೆ, "ತಂಗೀ, ನಾನೂ ಒಂದು ಫೋನ್ ಮಾಡಿ ನೋಡ್ಲೇನು?" ಅಂದ.

"ಮಾಡ್ರಿ ಅಣ್ಣಾ. ಜೋರಾಗಿ ಮಾತಾಡ್ರಿ."

ಸಂಜೆ ಸಿನಿಮಾ ನೋಡಿದೆವು. ಕಥೆ ಏನಂತ ಕೇಳಬೇಡಿ. ನಾನು ಪರದೆಯ ಬೆಳಕು ಅವಳ ಕೆನ್ನೆಯ ಮೇಲೆ ಬಣ್ಣ ಬದಲಿಸುವುದನ್ನು ನೋಡಿದೆ. ಭಾನುವಾರ ಹಂಪಿಗೆ ಹೋದೆವು. ಹಂಪಿಗೆ ನಾವು ಹತ್ತಾರು ಸಲ ಹೋದವರೇ: ನೆಂಟರ ಮದುವೆಗೆ, ಯಾರದೋ ಜವಳಕ್ಕೆ, ಬುತ್ತಿಗಂಟು ಹೊತ್ತು, ಮಕ್ಕಳ ತಲೆ ಎಣಿಸುತ್ತ. ಎಣಿಸಲು ಎರಡೇ ತಲೆ ಇದ್ದದ್ದು ಇದೇ ಮೊದಲು.

ಹೊಳೆದಂಡೆಯ ಬಂಡೆ ಮೇಲೆ ಕೂತು ನೀರಿಗೆ ಕಾಲು ಬಿಟ್ಟಿದ್ದೆವು. ಫೋನ್ ಬಡಿದುಕೊಂಡಿತು. ಅಪ್ಪ. ನಾನು ಫೋನನ್ನು ತೊಡೆಯ ಮೇಲೆ ಮಗುಚಿದೆ. ಸ್ಫೂರ್ತಿ ನನ್ನ ಕೈ ಹಿಡಿದು ಫೋನನ್ನು ಕಿವಿಗೆ ಮುಟ್ಟಿಸಿದಳು.

"ಏನಲೇ, ಆ ಸಾಲಿ ಎಷ್ಟು ಗಂಟಿಗೆ?"

"ಒಂಬತ್ತಕ್ರಿ."

"ಬುತ್ತಿ ಎಷ್ಟೊತ್ತಿಗೆ ಕಟ್ಟಬೇಕು ಅಂತ ನಿಮ್ಮವ್ವ ಕೇಳಾಕತ್ತಾಳ. ನಾ ಕೇಳಾಕತ್ತಿಲ್ಲ."

ಹಿಂದಿನಿಂದ ಅವ್ವನ ದನಿ ಬಂತು: "ಅಯ್ಯ, ನಾ ಯಾವಾಗ ಕೇಳೀನಿ? ರಾತ್ರಿಯಿಂದ ಬಸ್ಸಿನ ಟೈಮ್ ಎಣಿಸಾಕತ್ತಿದ್ದು ಯಾರು?"

"ಸುಮ್ನಿರು ಚೆನ್ನಬಸಮ್ಮ!" ಅಪ್ಪ ಫೋನ್ ಇಟ್ಟರು.

ನಾನು ಫೋನ್ ಜೇಬಿಗೆ ಹಾಕಿಕೊಂಡೆ. ಸ್ಫೂರ್ತಿ ಕಾಲಿನಿಂದ ನೀರು ಚಿಮ್ಮಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಖರೇ ಹೇಳ್ರಿ. ನಿನ್ನೆ ಭಾಳ ಹೆದ್ರಿಕಿ ಆಗಿತ್ತೇನು?"

"ಇನ್ನೂ ಐತಿ."

"ಯಾರದು? ಮಾವಂದೇನು?"

"ನಿಂದು. ನಾಳೆಯಿಂದ ನೀ ಟೀಚರು."

ಅವಳು ನಕ್ಕಳು, ಬಂಡೆ ಮೇಲೆ ಬಟ್ಟೆ ಒಗೆಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಅಷ್ಟು ಜನರೆದುರಿಗೇ ನನ್ನ ಕಿವಿ ಹಿಡಿದು ಹಿಂಡಿದಳು. ಬಿಡು ಅಂತ ನಾನೂ ಹೇಳಲಿಲ್ಲ, ಬಿಡಬೇಕು ಅಂತ ಅವಳಿಗೂ ಅನಿಸಲಿಲ್ಲ.