ದೀಪ ನುಂಗಿದ ತಿಮಿರಾಕ್ಷ

ಬಹಳ ಹಿಂದೆ, ಬೀದಿದೀಪ ಇನ್ನೂ ಹುಟ್ಟದ ಕಾಲದಲ್ಲಿ, ಬೆಳ್ಳಿಪಟ್ಟಣವೆಂಬ ರಾಜಧಾನಿಯಿತ್ತು. ಅಲ್ಲಿ ಹೊತ್ತು ಮುಳುಗಿದ ಮೇಲೆ ಬೀದಿಗಿಳಿದವರನ್ನು ತಿಮಿರಾಕ್ಷನೆಂಬ ಮಾಂತ್ರಿಕ ಬಾವಲಿ ಮಾಡಿ ಸೂರಿಗೆ ನೇತುಹಾಕುತ್ತಿದ್ದ. ಬೆಳಕಿದ್ದಲ್ಲಿ ಅವನ ಮಂತ್ರ ನಡೆಯದು, ಅದಕ್ಕೇ ಬೀದಿಯಲ್ಲಿ ದೀಪ ಕಂಡರೆ ಮೊದಲು ಅದನ್ನು ಆರಿಸುತ್ತಿದ್ದ. "ಬೀದಿಯಲ್ಲಿ ಒಂದೇ ಒಂದು ದೀಪ ನನ್ನ ಕೈಯಿಂದ ಉಳಿದರೆ ಎಲ್ಲರನ್ನೂ ಬಿಟ್ಟೇನು" ಎಂದು ಸಾರಿದ್ದ. ಮಾಂತ್ರಿಕನಾದ್ದರಿಂದ ಮಾತಿಗೆ ತಪ್ಪುವಂತಿರಲಿಲ್ಲ. ಮಾತು ತಪ್ಪುವ ಸೌಕರ್ಯ ಅರಮನೆಗೆ ಮಾತ್ರ ಇತ್ತು.

ಹೂ ಕಟ್ಟುವ ಚೆಲುವಾಜಮ್ಮನ ಗಂಡ ಕೆಂಪಯ್ಯ ಎಲೆಯಡಿಕೆ ತರಲು ಹೋದವನು ಬಾವಲಿಯಾಗಿ ಸ್ವಂತ ಮನೆಯ ಸೂರಿನಲ್ಲೇ ತಲೆಕೆಳಗಾಗಿ ನೇತಾಡತೊಡಗಿದ. ಎಲೆಯಡಿಕೆಯಿಲ್ಲದೆ ಇರಬಹುದಿತ್ತು. ಕೆಂಪಯ್ಯನಿಲ್ಲದೆ ಅವಳಿಗೆ ಆಗಲಿಲ್ಲ. ಅರಮನೆಗೆ ಹೋಗಿ ಕಾಡಿ ಬೇಡಿ, ಬೀದಿಯಲ್ಲೊಂದು ಕಂಬ ನೆಡಿಸಿದಳು.

ಮೊದಲ ಸಂಜೆ ಹರಳೆಣ್ಣೆ ದೀಪ ಹಚ್ಚಿದಳು. ಮಾಂತ್ರಿಕನ ಹೆಗ್ಗಣಗಳು ಎಣ್ಣೆಯನ್ನೆಲ್ಲ ಕುಡಿದವು. ಮರುದಿನವಿಡೀ ಅವುಗಳಿಗೆ ಬಿಡುವಿರಲಿಲ್ಲ. ಆದರೆ ದೀಪವಂತೂ ಆರಿತ್ತು.

ಎರಡನೆಯ ಸಂಜೆ ರಾಜ ಭಂಡಾರದ ನಾಗಮಣಿಯನ್ನೇ ಕಂಬಕ್ಕೇರಿಸಿ ಭಾಷಣ ಮಾಡಿದ. ತಿಮಿರಾಕ್ಷ ಭಾಷಣ ಮುಗಿಯುವವರೆಗೆ ಕಾದು, ಮಣಿಯನ್ನು ಹುರಿಗಡಲೆಯಂತೆ ಬಾಯಿಗೆಸೆದುಕೊಂಡು ಹೋದ.

"ಗೌರಕ್ಕಾ, ಮನೆಯೊಳಗಿನ ದೀಪ ಅವನು ಯಾಕೆ ಮುಟ್ಟಲ್ಲ?" ಎಂದು ಚೆಲುವಾಜಮ್ಮ ನೆರೆಮನೆಯವಳನ್ನು ಕೇಳಿದಳು.

"ದಿನಾ ಹಚ್ಚಿ ಕೈ ಮುಗೀತೀವಲ್ಲೇ. ಕೈ ಮುಗಿದ ದೀಪ ಅಂಥವನಿಗೆ ದಕ್ಕುತ್ತಾ?"

"ಕಂಬದ ದೀಪಕ್ಕೆ?"

"ಅದು ಅರಮನೇದು ಕಣೇ! ಅದಕ್ಯಾರು ಮುಗೀತಾರೆ?"

ಮೂರನೆಯ ಸಂಜೆ ಚೆಲುವಾಜಮ್ಮ ಮನೆಯ ದೀಪದಿಂದ ಕಂಬದ ದೀಪ ಹಚ್ಚಿ, ನಡುಬೀದಿಯಲ್ಲಿ ಕೈ ಮುಗಿದು ನಿಂತಳು.

"ಚೆಲುವೀ, ಕಂಬಕ್ಕೆ ಹರಕೆ ಹೊತ್ತಿದ್ದೀಯೇನೇ?" ಕಿಟಕಿಗಳು ನಕ್ಕವು.

"ನಗಿ, ನಗಿ. ನಿಮ್ಮೋರೂ ಸೂರಲ್ಲೇ ಇದ್ದಾರೆ, ಕೇಳಿಸ್ಕೊಳ್ಳಲಿ."

ನಗು ನಿಂತಿತು. ಗೌರಕ್ಕ ಮೊದಲು ಹೊಸಿಲು ದಾಟಿದಳು. ಹಿಂದೆಯೇ ಇಡೀ ಬೀದಿ ಬಂದು ಕೈ ಮುಗಿಯಿತು.

ತಿಮಿರಾಕ್ಷ ಬಂದು ದೀಪವನ್ನು ಗುಳುಂ ಎಂದು ನುಂಗಿದ. ದೀಪ ಆರಲಿಲ್ಲ. ಗಂಟಲಲ್ಲೇ ಸಿಕ್ಕಿ ಉರಿಯಿತು. ಅವನ ಕಾಲು ಕಬ್ಬಿಣವಾಗತೊಡಗಿತು.

"ಅಮ್ಮಾ, ಕೈ ಇಳಿಸ್ರಮ್ಮಾ!"

"ಮೊದಲು ನನ್ನ ಗಂಡನ್ನ ಇಳಿಸು."

ಇಳಿಸಿದ. ಸೂರುಗಳಿಂದ ಜನ ದಪದಪನೆ ಉದುರಿದರು. ಕೈಗಳು ಇಳಿದರೂ ದೀಪ ಮಾತ್ರ ಅವನ ಗಂಟಲು ಬಿಡಲಿಲ್ಲ. ಇವರು ಅವರನ್ನು ಅಪ್ಪಿಕೊಂಡು ಅತ್ತು ಮುಗಿಸುವಷ್ಟರಲ್ಲಿ ತಿಮಿರಾಕ್ಷ ಕತ್ತು ಬಗ್ಗಿಸಿ, ಬಾಯಿ ತೆರೆದು, ಪೂರಾ ದೀಪದ ಕಂಬವಾಗಿದ್ದ.

"ಎಲೆಯಡಿಕೆ ಅಂಗಡಿ ಮುಚ್ಚಿಬಿಟ್ನೇನೇ?" ಎಂದ ಕೆಂಪಯ್ಯ, ಧೂಳು ಕೊಡವಿಕೊಳ್ಳುತ್ತ.

ರಾಜ ಬೀದಿಬೀದಿಗೂ ಅಂಥದೇ ಕಂಬ ನೆಡಿಸಿ, ಶಾಸನದಲ್ಲಿ ಎಲ್ಲವನ್ನೂ ತನ್ನ ಹೆಸರಿಗೆ ಬರೆಸಿಕೊಂಡ. ಜನ ಊಟವಾದ ಮೇಲೆ ಬೀದಿ ಸುತ್ತುತ್ತ ಸುಖವಾಗಿ ಬಾಳಿದರು. ಆ ಹಳೆಯ ಕಂಬದ ದೀಪ ಮಾತ್ರ ಆಗಾಗ ಮಿಣುಕುತ್ತದೆ. ತಿಮಿರಾಕ್ಷನಿಗೆ ಬಿಕ್ಕಳಿಕೆ ಬಂತೆಂದು ಜನ ತಿಳಿಯುತ್ತಾರೆ.

"ಪಾಪ, ಯಾರೋ ನೆನೆಸ್ಕೊಂಡಿರಬೇಕು" ಎಂದು ಕೈ ಮುಗಿದು ಮುಂದೆ ಹೋಗುತ್ತಾರೆ.