ಕ್ಯಾಸೆಟ್ಟಿನ ಇನ್ನೊಂದು ಬದಿ

"ಅದೇ ವಚನ ಹಾಡಮ್ಮ... ಕ್ಯಾಸೆಟ್‌ನಲ್ಲಿ ಕಳಿಸಿದ್ದೆಯಲ್ಲ, ಅದೇ!"

ಇಷ್ಟು ಹೇಳಿ ನಾಗವೇಣಮ್ಮ ಕಾಫಿ ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ ಕೂತೇ ಬಿಟ್ಟರು. ಹಾಡು ಕೇಳದೆ ಕಣ್ಣು ತೆರೆಯುವ ಲಕ್ಷಣ ಕಾಣಲಿಲ್ಲ.

ಕಸ್ತೂರಿ ಕೈಯಲ್ಲಿದ್ದ ಟ್ರೇಯನ್ನು ಎದೆಗೆ ಅವಚಿಕೊಂಡಳು.

'ಮುಗೀತು... ಇವತ್ತಿಗೆ ಎಲ್ಲಾ ಮುಗೀತು!'

ಎದುರಿಗೆ ಅವನು ಕೂತಿದ್ದ. ನಾಗವೇಣಮ್ಮನ ಮಗ, ಡಾಕ್ಟರ್ ಲಿಂಗರಾಜ. ಫೋಟೋದಲ್ಲಿ ಇದ್ದದ್ದಕ್ಕಿಂತ ತೆಳ್ಳಗೆ, ಫೋಟೋದಲ್ಲಿ ಇಲ್ಲದ ಕನ್ನಡಕ. ಸ್ವಲ್ಪ ಹೊತ್ತಿಗೆ ಮುಂಚೆ ಅವಳು "ಕಾಫಿ ತಗೊಳ್ಳಿ" ಎಂದಾಗ ಚಕ್ಕನೆ ತಲೆಯೆತ್ತಿದ್ದ. ಆಗಿನಿಂದ ಅವಳನ್ನೇ ನೋಡುತ್ತಿದ್ದ.

1981ರ ಏಪ್ರಿಲ್ ತಿಂಗಳು. ಹುಡುಗ ಪರ್ತ್‌ನ ಆಸ್ಪತ್ರೆಯಲ್ಲಿ ಡಾಕ್ಟರ್, ಹುಡುಗಿ ಬ್ರಿಸ್ಬೇನ್‌ನಲ್ಲಿ ಡಾಕ್ಟರ್. ಒಬ್ಬರು ದೇಶದ ಈ ತುದಿ, ಇನ್ನೊಬ್ಬರು ಆ ತುದಿ. ಯಾರು ಯಾರ ಮನೆಗೆ ಹೋಗಬೇಕು ಅನ್ನೋ ಪ್ರಶ್ನೆಗೆ ಹಿರಿಯರು ಮ್ಯಾಪ್ ಹಿಡಿದುಕೊಂಡು ಉತ್ತರ ಹುಡುಕಿದ್ದರು. ನಡುವೆ ಸಿಗುವ ಅಡಿಲೇಡ್! ಅಲ್ಲಿನ ಕಿಲ್ಬರ್ನ್ ಬಡಾವಣೆಯಲ್ಲಿ ಕಸ್ತೂರಿಯ ಅಮ್ಮನ ಬಾಲ್ಯದ ಗೆಳತಿ ಕಮಲಾ ಆಂಟಿಯ ಮನೆ. ಹೆಣ್ಣು ನೋಡುವ ಶಾಸ್ತ್ರ ಅಲ್ಲೇ ಎಂದು ತೀರ್ಮಾನವಾಯಿತು. ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಸಾಂಗವಾಗಿ ನಡೆದಿತ್ತು, ಈ ಹಾಡಿನ ಮಾತು ಬರುವ ತನಕ.

ಯಾಕೆಂದರೆ ಕ್ಯಾಸೆಟ್‌ನಲ್ಲಿ ವಚನ ಹಾಡಿದ್ದು ಕಸ್ತೂರಿಯೇ ಅಲ್ಲ!

ಆ ದನಿ ಕಮಲಾ ಆಂಟಿಯದು. ಕ್ರಿಸ್‌ಮಸ್ ರಜೆಗೆ ಅವರು ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿದ್ದ ಕಸ್ತೂರಿಯ ಮನೆಗೆ ಬಂದಿದ್ದಾಗ, "ಹುಡುಗಿಗೆ ಹಾಡು ಬರುತ್ತಾ?" ಎಂದು ಪರ್ತ್‌ನಿಂದ ನಾಗವೇಣಮ್ಮನ ಕಾಗದ ಬಂದಿತ್ತು. ಕಸ್ತೂರಿ ಆಗ ಊರಲ್ಲಿರಲಿಲ್ಲ. ಅಮ್ಮ ಇಂದಿರಾ ತಡಮಾಡಲಿಲ್ಲ. ಮಗಳ ಡ್ರಾಯರ್‌ನಿಂದ ಒಂದು ಹಳೇ ಕ್ಯಾಸೆಟ್ ತೆಗೆದು, ಗೆಳತಿಯಿಂದ ಹಾಡಿಸಿ, ಮಗಳ ಹೆಸರು ಬರೆದು ಪೋಸ್ಟ್ ಮಾಡಿಯೇ ಬಿಟ್ಟರು.

ವಿಷಯ ಗೊತ್ತಾದ ದಿನ ಕಸ್ತೂರಿ ಮನೆ ತಲೆಕೆಳಗು ಮಾಡಿದ್ದಳು.

"ಅಮ್ಮಾ, ಇದು ಮೋಸ! ಈಗಲೇ ಫೋನ್ ಮಾಡಿ ಹೇಳ್ತೀನಿ."

"ಹೇಳು. ನಿಮ್ಮಪ್ಪಂಗೂ ಹೇಳ್ಬಿಡು. ಆಮೇಲೆ ಅವರು ನನ್ನ ಮುಖ ನೋಡ್ತಾರೇನೋ ನೋಡೋಣ."

ಅಲ್ಲಿಗೆ ಕಸ್ತೂರಿಯ ಬಾಯಿ ಕಟ್ಟಿತು. ಅಪ್ಪ ಡಾಕ್ಟರ್ ಸಿದ್ದಲಿಂಗಯ್ಯ ಹರಿಶ್ಚಂದ್ರನ ಮೊಮ್ಮಗ. ರೋಗಿಗೆ ಸಮಾಧಾನಕ್ಕೆ ಕೂಡ ಒಂದು ಸುಳ್ಳು ಹೇಳಿದವರಲ್ಲ.

ಅವಳು ಸುಮ್ಮನಾಗೋಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಲಿಂಗರಾಜ ಅವಳ ಅಪ್ಪನಿಗೆ ಬರೆದಿದ್ದ ಕಾಗದ. 'ಮದುವೆಯಾದ ಮೇಲೂ ಅವರು ಕೆಲಸ ಬಿಡುವುದು ನನಗಿಷ್ಟವಿಲ್ಲ. ಇಲ್ಲಿನ ಆಸ್ಪತ್ರೆಯಲ್ಲಿ ವಿಚಾರಿಸಲಾ? ಮೊದಲು ಅವರನ್ನು ಕೇಳಿ ಹೇಳಿ.' ಆ ಕೊನೆಯ ಸಾಲನ್ನು ಅವಳು ಏಳು ಸಲ ಓದಿದ್ದಳು. ಅವಳನ್ನು ಕೇಳಿ ಹೇಳಬೇಕಂತೆ!

ಈಗ ಆ ಕಾಗದ ಬರೆದವನೇ ಎದುರಿಗಿದ್ದಾನೆ... ಇವಳ ಸ್ಥಿತಿ ನೋಡಿದರೆ ಬಾಯಲ್ಲಿ ಬಿಸಿತುಪ್ಪ, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ.

"ಹಾಡು ಪುಟ್ಟ," ಎಂದರು ಅಪ್ಪ ಹೆಮ್ಮೆಯಿಂದ. ಪಾಪ, ಅವರಿಗೇನು ಗೊತ್ತು!

ಅಡುಗೆಮನೆ ಬಾಗಿಲಲ್ಲಿ ಕಮಲಾ ಆಂಟಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಇಂದಿರಾ ಮಗಳಿಗೆ ಕೆಮ್ಮುವಂತೆ ಕಣ್ಸನ್ನೆ ಮಾಡುತ್ತಿದ್ದರು.

"ಬೇಡಮ್ಮ, ಹಾಡಿಸಬೇಡ," ಎಂದ ಲಿಂಗರಾಜ ಇದ್ದಕ್ಕಿದ್ದಂತೆ.

ನಾಗವೇಣಮ್ಮ ಕಣ್ಣು ಬಿಟ್ಟರು. "ಯಾಕೋ?"

"ಹಾಡು ಕೇಳೋಕೆ ಪರ್ತ್‌ನಿಂದ ಬಂದಿಲ್ಲ ನಾನು. ಅಂಕಲ್, ನಿಮ್ಮ ಒಪ್ಪಿಗೆ ಇದ್ರೆ ಅವರ ಜೊತೆ ಐದು ನಿಮಿಷ ಹೊರಗಡೆ ಮಾತಾಡ್ತೀನಿ."

ಕಸ್ತೂರಿಗೆ ಮೊದಲು ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಮನಸ್ಸಿಗೆ ಚುಚ್ಚಿತು. 'ಅಂದ್ರೆ... ನನ್ನ ಹಾಡು ಕೇಳೋಕೂ ಇಷ್ಟ ಇಲ್ವಾ? ಬೇಡ ಅಂತ ಆಗಲೇ ತೀರ್ಮಾನ ಮಾಡ್ಬಿಟ್ರಾ?'

ಹಿತ್ತಲಲ್ಲಿ ನಿಂಬೆಗಿಡದ ಪಕ್ಕ ಒಗೆದ ಬಟ್ಟೆಗಳು ಒಣಗುತ್ತಿದ್ದವು. ಅವನು ಒಂದು ದಿಂಬಿನ ಕವರ್ ಪಕ್ಕಕ್ಕೆ ಸರಿಸಿ ಅವಳ ಮುಖ ನೋಡಿದ.

"ಒಂದು ವಿಷಯ ಕೇಳಬೇಕು. ಆ ಕ್ಯಾಸೆಟ್‌ನ ಇನ್ನೊಂದು ಬದಿಯಲ್ಲಿ ಹಾಡಿರೋದು ಯಾರು?"

"ಇನ್ನೊಂದು ಬದೀನಾ?"

"ಗಿಟಾರ್ ಇಟ್ಕೊಂಡು ಒಂದು ಕಂಟ್ರಿ ಸಾಂಗ್ ಹಾಡಿದ್ದಾರೆ. ಹುಡುಗಿ ದನಿ."

ಅವಳು ಅಮ್ಮನಿದ್ದ ಮನೆಯ ಕಡೆ ತಿರುಗಿ ನೋಡಿದಳು. 'ಅಯ್ಯೋ ಅಮ್ಮಾ... ಆ ಕ್ಯಾಸೆಟ್ಟಾ ಸಿಕ್ಕಿದ್ದು ನಿಂಗೆ!'

ಅದು ಅವಳೇ ಕಟ್ಟಿದ ಹಾಡು. ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನ ಒಂದು ಸಣ್ಣ ಊರಿನ ಆಸ್ಪತ್ರೆಗೆ ಅವಳನ್ನು ಆರು ತಿಂಗಳು ಕೆಲಸಕ್ಕೆ ಹಾಕಿದ್ದರು. ಆ ಆರು ತಿಂಗಳು ಹಿಂದೆ ಸಾಮಾನು ತುಂಬುವ ಹಳೇ ಯೂಟ್ ಗಾಡಿ ಓಡಿಸಿಕೊಂಡು, ಕೆಂಪು ಧೂಳಿನಲ್ಲಿ ಒಬ್ಬಳೇ ಹಳ್ಳಿ ಹಳ್ಳಿ ಸುತ್ತುವಾಗ ಹುಟ್ಟಿದ್ದು. ಆಂಬ್ಯುಲೆನ್ಸ್ ಡ್ರೈವರ್ ಗಿಟಾರ್ ಬಾರಿಸಿದ್ದ, ಇವಳು ಗಂಟಲು ಬಿಚ್ಚಿ ಹಾಡಿದ್ದಳು. ಇಂಗ್ಲಿಷ್ ಹಾಡು, ಅರ್ಥ ಇಷ್ಟೇ: 'ದಾರಿ ಬಿಡಪ್ಪಾ ಅಣ್ಣಾ, ಗಾಡಿ ನಂದು, ಬೀಗದ ಕೈ ನಂದು. ಧೂಳು ಬಿದ್ರೆ ಕಣ್ಣು ಮುಚ್ಕೋ, ನಾನಂತೂ ನಿಲ್ಲೋಳಲ್ಲ!' ಮನೆಯಲ್ಲಿ ಒಬ್ಬರಿಗೂ ಅದರ ಸುದ್ದಿ ಗೊತ್ತಿರಲಿಲ್ಲ.

'ಗೊತ್ತಾಗಿದೆ ಇವರಿಗೆ. ಗಂಡುಬೀರಿ ಅಂತ ಮುಖಕ್ಕೇ ಹೇಳೋಕೆ ಕರ್ಕೊಂಡು ಬಂದಿದ್ದಾರೆ...'

"ಅದು ನಾನಲ್ಲ," ಎಂದುಬಿಟ್ಟಳು. "ನನ್ನ ಫ್ರೆಂಡ್. ಡೆಬ್ಬಿ ಅಂತ. ನಮ್ಮ ಆಸ್ಪತ್ರೆ ನರ್ಸ್."

ಅವನ ಮುಖದ ಬೆಳಕು ಇಳಿದುಹೋಯಿತು. "ಹಾಗಾದ್ರೆ ವಚನ ಹಾಡಿದ್ದು... ನೀವೇ?"

"ಹ್ಞೂಂ."

ಒಂದು ನಿಮಿಷದಲ್ಲಿ ಎರಡು ಸುಳ್ಳು! ಅದೂ ಸಿದ್ದಲಿಂಗಯ್ಯನವರ ಮಗಳು!

ಲಿಂಗರಾಜ ಕನ್ನಡಕ ತೆಗೆದು ಒರೆಸಿದ. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

"ಬೇಜಾರು ಮಾಡ್ಕೋಬೇಡಿ. ನಿಮ್ಮ ವಚನ ತುಂಬಾ ಚೆನ್ನಾಗಿದೆ. ಅಮ್ಮಂಗಂತೂ ಪ್ರಾಣ. ಆದ್ರೆ ಮೂರು ತಿಂಗಳಿಂದ ನಾನು ಕೇಳ್ತಿರೋದು ಆ ಇನ್ನೊಂದು ಹಾಡು. ಡ್ಯೂಟಿ ಮುಗಿಸಿ ಸೋತು ಬಂದಾಗ ಅದನ್ನ ಹಾಕಿದ್ರೆ... ಯಾರಿಗೂ ಹೆದರದ ಒಂದು ಜೀವ ಪಕ್ಕದಲ್ಲಿ ಕೂತು ನಗ್ತಿದೆ ಅನ್ನಿಸೋದು. ಎರಡೂ ಒಂದೇ ದನಿ ಅಲ್ಲ ಅಂತ ಗೊತ್ತಿತ್ತು. ಅದು ನಿಮ್ಮದೇ ಇರ್ಲಿ ಅಂತ ಬೇಡ್ಕೊಂಡು ಬಂದೆ. ನೀವು ಕಾಫಿ ತಗೊಳ್ಳಿ ಅಂದಾಗ ಅದೇ ದನಿ ಅನ್ನಿಸ್ತು. ನನ್ನ ಕಿವಿ ಮೋಸ ಮಾಡ್ತು."

ಅವನು ಕನ್ನಡಕ ಮತ್ತೆ ಹಾಕಿಕೊಂಡ.

"ಬೇರೊಬ್ಬರ ದನಿ ಮನಸ್ಸಲ್ಲಿ ಇಟ್ಕೊಂಡು ನಿಮ್ಮನ್ನ ಮದುವೆ ಆದ್ರೆ ಅದು ನಿಮಗೆ ಅನ್ಯಾಯ. ಕ್ಷಮಿಸಿ..."

ಅವನು ಕೈಮುಗಿದು ಒಳಗೆ ಹೋದ.

'ಅದು ನಾನೇ! ನಿಲ್ಲಿ, ಅದು ನಾನೇ ಕಣ್ರೀ!' ಎಂದು ಅವಳ ಮನಸ್ಸು ಕೂಗಿತು. ನಾಲಿಗೆ ಏಳಲಿಲ್ಲ. ಈಗ ತಾನೇ ನಾನಲ್ಲ ಎಂದವಳು, ಈಗ ನಾನೇ ಎಂದರೆ ಯಾರು ನಂಬುತ್ತಾರೆ? ಸಂಬಂಧ ಕೈತಪ್ಪಿತು ಅಂತ ಕಥೆ ಕಟ್ಟುತ್ತಿದ್ದಾಳೆ ಎಂದುಕೊಳ್ಳುವುದಿಲ್ಲವೇ? ಕೈಗೆ ಬಂದ ತುತ್ತನ್ನು ಅವಳೇ ತಳ್ಳಿಬಿಟ್ಟಿದ್ದಳು.

ಅವಳಿಗೆ ಅಳು ಬಂತು. ಅಳುತ್ತಲೇ ಸಿಟ್ಟೂ ಬಂತು, ಬೇರೆ ಯಾರ ಮೇಲೂ ಅಲ್ಲ, ತನ್ನ ಮೇಲೆಯೇ. ಧೂಳಿನ ದಾರಿಯಲ್ಲಿ ಅಷ್ಟು ಧೈರ್ಯವಾಗಿ ಹಾಡಿದವಳು, ನಿಂಬೆಗಿಡದ ಕೆಳಗೆ ಇಷ್ಟು ಪುಕ್ಕಲಿಯಾದಳೇ!

ಸ್ವಲ್ಪ ಹೊತ್ತಿಗೆ ಮುಂಬಾಗಿಲಲ್ಲಿ ಅವರು ಕರೆಸಿದ್ದ ಟ್ಯಾಕ್ಸಿಯ ಹಾರ್ನ್ ಕೇಳಿಸಿತು.

ಕಸ್ತೂರಿ ಸೀರೆ ನೆರಿಗೆ ಎತ್ತಿ ಹಿಡಿದು ಮನೆಯ ಪಕ್ಕದ ಸಂದಿಯಲ್ಲೇ ಓಡಿದಳು. ನಾಗವೇಣಮ್ಮ ಆಗಲೇ ಹಿಂದಿನ ಸೀಟಿನಲ್ಲಿದ್ದರು. ಲಿಂಗರಾಜ ಬಾಗಿಲು ಹಿಡಿದು ನಿಂತಿದ್ದ. ಅಪ್ಪ ಅಮ್ಮ ಗೇಟಿನ ಬಳಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು.

ಮಾತಿನಲ್ಲಿ ಹೇಳಿದರೆ ನಂಬಲಿಕ್ಕಿಲ್ಲ. ಹಾಡಿದರೆ?

ಅವಳು ಅಪ್ಪನ ಮುಖ ನೋಡಲಿಲ್ಲ. ನೋಡಿದ್ದರೆ ಬಾಯಿ ಮತ್ತೆ ಕಟ್ಟಿಬಿಡುತ್ತಿತ್ತು. ಟ್ಯಾಕ್ಸಿಯ ಡಿಕ್ಕಿಯ ಮೇಲೆ ಅಂಗೈಯಿಂದ ತಾಳ ಹಾಕಿದಳು. ಬಳೆ ಘಲ್ಲೆಂದಿತು.

ಹಾಡಿದಳು!

ಗಾಡಿ ನಂದು, ಬೀಗದ ಕೈ ನಂದು ಅನ್ನುವ ಆ ಹಾಡನ್ನು ಮೊದಲ ಸಾಲಿನಿಂದಲೇ ಗಂಟಲು ಬಿಚ್ಚಿ ಹಾಡಿದಳು. ಎದುರು ಮನೆಯ ಮುದುಕ ನೀರು ಹಾಕುತ್ತಿದ್ದ ಪೈಪ್ ಕೆಳಗೆ ಬಿಟ್ಟ. ಟ್ಯಾಕ್ಸಿ ಡ್ರೈವರ್ ಕಿಟಕಿ ಇಳಿಸಿ, "ಗುಡ್ ಆನ್ ಯಾ, ಲವ್!" ಎಂದು ಮೆಚ್ಚಿ ಕೂಗಿದ.

ಲಿಂಗರಾಜ ಅಲುಗಾಡಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಹಾಡು ಮುಗಿಯಿತು. ಕಸ್ತೂರಿ ಏದುಸಿರು ಬಿಡುತ್ತ ಹೇಳಿದಳು, "ಡೆಬ್ಬಿಗಿಬ್ಬಿ ಯಾರೂ ಇಲ್ಲ. ಇದು ನಾನು. ವಚನ ನಂದಲ್ಲ... ಹಾಡು ಬೇಕು ಅಂತ ಮನೇಲಿ ಬೇರೆಯವರಿಂದ ಹಾಡಿಸಿ ಕಳಿಸಿದ್ವಿ. ತಪ್ಪಾಯ್ತು. ಅಪ್ಪಂಗೆ ಇದೊಂದೂ ಗೊತ್ತಿಲ್ಲ."

"ನಾನೇ ಕಣ್ರೀ ಹಾಡಿದ್ದು," ಎಂದು ಕಮಲಾ ಆಂಟಿ ಬಾಗಿಲಿನಿಂದಲೇ ಒಪ್ಪಿಕೊಂಡರು.

ಸಿದ್ದಲಿಂಗಯ್ಯನವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಇಂದಿರಾ ತಲೆ ತಗ್ಗಿಸಿದರು.

"ಇಂದಿರಾ... ಇಷ್ಟು ಚೆನ್ನಾಗಿ ಹಾಡೋ ಮಗಳನ್ನ ಮನೇಲಿಟ್ಕೊಂಡು, ಬೇರೆಯವರ ದನಿ ಕಳಿಸಿದ್ಯಾ?"

ಅಷ್ಟೇ ಅಂದದ್ದು. ಕಸ್ತೂರಿ ಓಡಿಹೋಗಿ ಅಪ್ಪನ ತೋಳು ಹಿಡಿದುಕೊಂಡಳು.

ಟ್ಯಾಕ್ಸಿಯೊಳಗಿಂದ ನಾಗವೇಣಮ್ಮ ಇಳಿದರು. ಮುಖ ಗಂಟಾಗಿತ್ತು.

"ಈ ಹಾಡಾ?! ಮೂರು ತಿಂಗಳಿಂದ ಬೆಳಿಗ್ಗೆ ಬೆಳಿಗ್ಗೆ ಶೇವ್ ಮಾಡ್ಕೊಳ್ಳುವಾಗ ಇವನ ಬಾಯಲ್ಲಿ ಇದೇ ಗೋಳು ಕಣಮ್ಮ ನಮ್ಮನೇಲಿ! ಯಾವಳೋ ಬಿಳೀ ಹುಡುಗಿ ಗಂಟು ಬಿದ್ದಿದ್ದಾಳೆ ಅಂತ ನಾನು ದಿನಾ ಲಿಂಗಪೂಜೆಯಲ್ಲಿ ಕಣ್ಣೀರು ಹಾಕ್ತಿದ್ದೆ! ಅಪ್ಪಾ ಶಿವನೇ... ನೀನೇನಾ ಅವಳು?"

"ಹೌದು ಆಂಟಿ... ವಚನದ ವಿಷಯಕ್ಕೆ ಕೋಪ ಮಾಡ್ಕೋಬೇಡಿ."

ನಾಗವೇಣಮ್ಮ ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ನನ್ನ ನೋಡೋಕೆ ಬಂದಾಗ ಬಾಗಿಲ ಹಿಂದೆ ನಿಂತು ಹಾಡಿದ್ದು ನಮ್ಮಕ್ಕ. ನಾನು ಬರೀ ಬಾಯಿ ಆಡಿಸಿದ್ದೆ. ನಮ್ಮ ಯಜಮಾನರು ಇರೋ ತನಕ ಒಂದು ಹಾಡು ಹೇಳೇ ಅಂತ ಕೇಳ್ತಾನೇ ಇದ್ರು, ನಾನು ಗಂಟಲು ನೋವು ಅಂತಾನೇ ಇದ್ದೆ. ಹೇಳಿಬಿಡಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ... ನೀನು ಹೇಳಿಬಿಟ್ಟೆ. ಪುಣ್ಯವಂತೆ."

ಕಮಲಾ ಆಂಟಿ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಇಂದಿರಾ ನಗುತ್ತ ನಗುತ್ತ ಅತ್ತರು. ಇನ್ನೊಂದು ಸುತ್ತು ಕಾಫಿಗೆ ಹಿರಿಯರೆಲ್ಲ ಒಳಗೆ ಹೋದರು. ಟ್ಯಾಕ್ಸಿ ಡ್ರೈವರ್‌ಗೂ ಕೇಸರಿಬಾತ್ ಸಿಕ್ಕಿತು.

ಗೇಟಿನ ಬಳಿ ಇಬ್ಬರೇ ಉಳಿದರು.

"ಯಾಕೆ ಸುಳ್ಳು ಹೇಳಿದ್ರಿ?" ಎಂದ ಲಿಂಗರಾಜ ಮೆಲ್ಲಗೆ.

"ನೀವು ಬೈತೀರ ಅಂದ್ಕೊಂಡೆ. ಇಂಥಾ ಹಾಡು ಹಾಡೋಳು ಸಂಸಾರ ಮಾಡ್ತಾಳಾ ಅಂತ..."

"ನಾನು ಅಷ್ಟು ದೂರದಿಂದ ಹುಡುಕ್ಕೊಂಡು ಬಂದಿದ್ದೇ ಅವಳನ್ನ. ಮದುವೆ ಆದ್ಮೇಲೆ ಆ ಹಾಡು ಬದಲಾಯಿಸ್ತೀರಾ?"

"ಒಂದಕ್ಷರಾನೂ ಬದಲಾಯಿಸಲ್ಲ."

"ಅಬ್ಬಾ!" ಅವನು ಎದೆ ಮೇಲೆ ಕೈಯಿಟ್ಟುಕೊಂಡ. "ಬದಲಾಯಿಸ್ತೀನಿ ಅಂದಿದ್ರೆ ಹೆದರ್ತಿದ್ದೆ. ಹಾಗಾದ್ರೆ... ಒಪ್ಪಿಗೇನಾ ಕಸ್ತೂರಿ?"

ಅವಳಿಗೆ ಹಗುರವಾಗಿತ್ತು. ಎಷ್ಟೋ ತಿಂಗಳ ಮೇಲೆ ಉಸಿರು ಹೊಟ್ಟೆಯ ತನಕ ಇಳಿದಿತ್ತು. ಹ್ಞೂಂ ಅನ್ನೋಕೆ ಬಾಯಿ ತೆರೆದವಳು, ತುಂಟ ನಗೆ ನಕ್ಕಳು.

"ನೀವು ನನ್ನ ನೋಡಿದ್ದಾಯ್ತು. ಮುಂದಿನ ತಿಂಗಳು ನಾನು ಪರ್ತ್‌ಗೆ ಬರ್ತೀನಿ. ಗಂಡು ನೋಡೋಕೆ. ಕಾಫಿ ನೀವೇ ತಂದುಕೊಡ್ಬೇಕು. ಆಮೇಲೆ ಒಂದು ಹಾಡು ಹೇಳ್ಬೇಕು."

"ಅಯ್ಯೋ! ನನಗೆ ಹಾಡೋಕೆ ಬರಲ್ಲ. ಬೇಕಾದ್ರೆ ಅಮ್ಮನ್ನ ಕೇಳಿ!"

"ಪರವಾಗಿಲ್ಲ," ಎಂದಳು ಕಸ್ತೂರಿ. "ಕೆಟ್ಟದಾಗಾದ್ರೂ ಹಾಡಿ. ಆದ್ರೆ ನೀವೇ ಹಾಡಿ."