ತೊಟ್ಟಿಯ ತಳದ ಜೇಡಗಳು

ಇನ್‌ಸ್ಪೆಕ್ಟರರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ಅದನ್ನೂ ಕರೆದುಕೊಂಡು ಹೋಗಿತ್ತು. ಪ್ರಯೋಗಶಾಲೆಯ ಬಾಗಿಲಲ್ಲೇ ಎಲ್ಲರೂ ನಿಂಬೆ ಸೋಪಿನ ವಾಸನೆ ಅಂದರು. ಇವರು ಸುಮ್ಮನೆ ತಲೆಯಾಡಿಸಿದರು.

ಗಾಜಿನ ತೊಟ್ಟಿಯ ತಳದಲ್ಲಿ ಹನ್ನೆರಡು ಯಂತ್ರಗಳು ಬಿದ್ದಿದ್ದವು. ಅಕ್ಕಿಕಾಳಿನಷ್ಟು ಮೈ, ಕೂದಲಿನಂಥ ಕಾಲು. ಅಲ್ಲಿಯವರು ಅವನ್ನು ಜೇಡ ಅನ್ನುತ್ತಿದ್ದರು. ಬ್ಯಾಟರಿ ಇಲ್ಲ, ವೈರೂ ಇಲ್ಲ. ತೊಟ್ಟಿಯ ಕೆಳಗಿನ ತಾಮ್ರದ ಸುರುಳಿ ಗಾಳಿಯಲ್ಲೇ ಕರೆಂಟು ಕಳಿಸುತ್ತದೆ, ಇವು ನೀರಿನ ಮೇಲೆ ಓಡುತ್ತವೆ. ಸೋಪು ಬಿದ್ದರೆ ನೀರಿನ ಮೇಲ್ಪದರ ಸಡಿಲವಾಗಿ ಮುಳುಗುತ್ತವೆ. ಇಷ್ಟನ್ನು ಹೇಳಿದ್ದು ಅವನ್ನು ಮಾಡಿದ ಮೇಡಂ. ಕುಡಿಯುವ ನೀರಿಗೆ ಎಣ್ಣೆ ಬಿದ್ದರೆ ಜೇಡಗಳು ಪತ್ತೆಹಚ್ಚಬೇಕಿತ್ತು. ನಾಳೆ ನೀರು ಸರಬರಾಜಿನವರ ಎದುರು ಪ್ರದರ್ಶನ.

ತೊಟ್ಟಿಯ ಪಕ್ಕ ಸಿಕ್ಕ ಸೋಪಿನ ಬಾಟಲಿ ಕಸ ಗುಡಿಸುವ ಹೆಂಗಸಿನದು. ಇನ್ನೇನು ಸಾಕ್ಷಿ ಬೇಕು ಅಂದ, ಮೇಡಂ ಜೊತೆಗೇ ಕೆಲಸ ಮಾಡುವ ಅವರ ತಮ್ಮ.

"ಈ ಕೋಣೇಲಿ ನಾನು ಸೋಪು ಮುಟ್ಟಲ್ಲ ಸಾರ್. ಸೇರಿದ ದಿನಾನೇ ಹೇಳಿದ್ರು," ಅಂದಳು ಹೆಂಗಸು. ಜೀಪು ಹತ್ತಿದರೆ ಮಗಳನ್ನು ಶಾಲೆಯಿಂದ ಯಾರು ಕರೆತರುತ್ತಾರೆ ಅಂತ ಪೇದೆಯನ್ನು ಕೇಳುತ್ತಲೇ ಇದ್ದಳು.

* * *

ಇನ್‌ಸ್ಪೆಕ್ಟರರು ತೊಟ್ಟಿಗೆ ಕೈ ಹಾಕಿ ಒಂದು ಜೇಡವನ್ನು ಎತ್ತಲು ನೋಡಿದರು.

"ಉಂಗುರ ತೆಗೀರಿ," ಅಂದರು ಮೇಡಂ. "ಸುರುಳಿ ಮೇಲೆ ಲೋಹ ಸುಡುತ್ತೆ. ನಾವೆಲ್ಲ ಬಾಗಿಲ ಹತ್ತಿರದ ಬಟ್ಟಲಲ್ಲಿ ಬಿಚ್ಚಿಟ್ಟೇ ಬರೋದು."

ಆದರೆ ಇನ್‌ಸ್ಪೆಕ್ಟರರ ಉಂಗುರ ತಣ್ಣಗೇ ಇತ್ತು.

ಮೇಜಿನ ಕೆಳಗೆ ಬಗ್ಗಿ ನೋಡಿದರೆ ಮುಚ್ಚಳದೊಳಗಿನ ಸುರುಳಿಯ ಸ್ವಿಚ್ಚು ಆಫ್ ಆಗಿತ್ತು. ಮೇಡಂ ತಮ್ಮನ ಕಡೆ ತಿರುಗಿದರು. ನೆಲ ಒರೆಸುವಾಗ ಅವಳ ಕೈ ತಾಗಿರಬೇಕು ಅಂದ ತಮ್ಮ. ಮುಚ್ಚಳ ಮುಚ್ಚಿಯೇ ಇತ್ತು.

ಇನ್‌ಸ್ಪೆಕ್ಟರರಿಗೆ ತಲೆಬುಡ ತಿಳಿಯಲಿಲ್ಲ. ಮುಳುಗಿಸಲು ಬಂದವರು ಕರೆಂಟು ಯಾಕೆ ತೆಗೆದರು?

"ಬಿಲ್ಲು ಉಳಿಸೋಕೆ ಸಾರ್," ಅಂದ ಪೇದೆ.

* * *

ಎಲ್ಲರೂ ಕೈ ಚಾಚಿ ಅಂದರು ಇನ್‌ಸ್ಪೆಕ್ಟರರು. ಹೆಂಗಸಿನ ಕೈ ಬರಿದು. ಮೇಡಂ ಉಂಗುರ ಬಟ್ಟಲಲ್ಲಿತ್ತು. ತಮ್ಮನ ಮಣಿಕಟ್ಟಿನ ಮೇಲೆ ಉದ್ದನೆಯ ಹೊಲಿಗೆ ಗುರುತು.

"ಒಳಗೇನಿದೆ?"

"ಬೈಕಿಂದ ಬಿದ್ದಿದ್ದೆ. ಸ್ಟೀಲ್ ಪಟ್ಟಿ."

"ಇದನ್ನ ಬಟ್ಟಲಲ್ಲಿ ಬಿಚ್ಚಿಡೋಕಾಗಲ್ಲ ಅಲ್ವಾ?"

ಅವನು ಅಂಗಿಯ ತೋಳು ಕೆಳಗೆಳೆದ.

ಬೇರೆ ಯಾರಾದರೂ ಆಗಿದ್ದರೆ ಸೋಪು ಸುರಿದು ಹೊರಟುಹೋಗುತ್ತಿದ್ದರು ಅಂದರು ಇನ್‌ಸ್ಪೆಕ್ಟರರು. ತೊಟ್ಟಿಯ ಮೇಲೆ ಕೈ ಚಾಚಲು ಸ್ವಿಚ್ಚು ಆರಿಸಲೇಬೇಕಾದವನು ಇಲ್ಲಿ ಒಬ್ಬನೇ. ಸೋಪಿನ ಹಿಂದೆ ಎಲ್ಲರ ಮೂಗೂ ಓಡಿತ್ತು, ಇನ್‌ಸ್ಪೆಕ್ಟರರದು ಓಡುವ ಹಾಗಿರಲಿಲ್ಲ. ಆದರೆ ಒಂದು ಅರ್ಥವಾಗುತ್ತಿಲ್ಲ ಅಂದರು: ಕೆಲಸ ಮುಗಿದ ಮೇಲೆ ತಿರುಗಿ ಯಾಕೆ ಆನ್ ಮಾಡಲಿಲ್ಲ?

"ಕೈ ಹಾಕೋ ಮುಂಚೆ ಆಫ್ ಮಾಡೋನು ಅವನು," ಅಂದರು ಮೇಡಂ, ತೊಟ್ಟಿಯನ್ನೇ ನೋಡುತ್ತ. "ಆನ್ ಮಾಡೋಳು ಯಾವಾಗಲೂ ನಾನು."

ತಮ್ಮ ಸ್ಟೂಲಿನ ಮೇಲೆ ಕುಸಿದ. "ಗಾಳಿ ಪರೀಕ್ಷೆ ಪಾಸಾಯ್ತು ಅಂದಿದ್ದು ಸುಳ್ಳು ಅಕ್ಕ. ಫ್ಯಾನ್ ಹಾಕಿದ್ರೆ ಒಂದೂ ನಿಲ್ಲಲ್ಲ. ನಾಳೆ ಎಲ್ಲರೆದುರು ಗೊತ್ತಾಗ್ತಿತ್ತು."

"ನನಗೆ ಹೇಳಬಹುದಿತ್ತಲ್ಲೋ."

"ನೀನು ಕೇಳಿಸ್ಕೊಳ್ತಿದ್ಯಾ?"

ಹೆಂಗಸು ಬಕೆಟ್ಟನ್ನು ಅಲ್ಲೇ ಇಟ್ಟು ಶಾಲೆಯ ಕಡೆ ನಡೆದಳು. ಅವಳ ಕ್ಷಮೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಹೋದದ್ದು ಹನ್ನೆರಡು ಜೇಡ, ಒಬ್ಬ ತಮ್ಮ, ಒಬ್ಬಳು ಕೆಲಸದವಳು.